ಗಂಡು ಮಗುವಿಗೆ ಮೂರು ಕೂಗು

ಅಸ್ಮಾರ
ಜುಲೈ 30, 2004

ಲೆಮ್‌ಲೆಮ್,

ಕ್ಷೇಮವಾಗಿದ್ದೀಯಾ ಎಂದು ಕೇಳುವ ಮನಸ್ಸಿಲ್ಲ. ಕ್ಷೇಮವಾಗಿಯೇ ಇರುತ್ತೀಯ. ನಿನ್ನಂಥವರಿಗೆ ಏನೂ ಆಗುವುದಿಲ್ಲ.

ನಿನ್ನೆ ಗ್ಯಾರೇಜಿನಲ್ಲಿ ಲಾರಿಯ ಅಡಿಗೆ ಮಲಗಿ ನಟ್ಟು ಬಿಗಿಯುತ್ತಿದ್ದೆ. ನಿಮ್ಮ ದೆಕೆಮ್‌ಹರೆ ಬಸ್ಸಿನ ಡ್ರೈವರ್ ಮೆಬ್ರಹ್ತು ಬಂದವನೇ ನನ್ನ ಕಾಲು ಹಿಡಿದು ಅಲ್ಲಾಡಿಸಿದ. “ಅಬ್ರೆಹೆತಕ್ಕಾ, ಈಚೆ ಬಾ, ಕಾಫಿ ಕುಡಿಸು! ಅಜ್ಜಿ ಆಗಿದ್ದೀಯ. ಶನಿವಾರಾನೇ ರಿಶಾನ್‌ಗೆ ಹೆರಿಗೆ ಆಯ್ತು, ಹೆಣ್ಣು ಮಗು!” ಹೆತ್ತ ಮಗಳು ಬಾಣಂತಿಯಾದ ಸುದ್ದಿ ನನಗೆ ಬಸ್ಸಿನ ಡ್ರೈವರನಿಂದ ತಿಳಿಯಬೇಕು. ಆಗಲಿ. ಇಡೀ ಗ್ಯಾರೇಜಿಗೆ ಕಾಫಿ ಕುಡಿಸಿದೆ. ಹೆಣ್ಣು ಎಂದು ಕೇಳಿ ಸಂತೋಷವೂ ಆಯಿತು.

ಸಂಜೆ ನಿಮ್ಮೂರ ಸೂಲಗಿತ್ತಿ ಸಂತೆಯಲ್ಲಿ ಸಿಕ್ಕಿದಳು. “ಹೆಣ್ಣಾ? ಯಾರಮ್ಮಾ ಹಾಗಂದಿದ್ದು? ಹೊಕ್ಕುಳು ಕೊಯ್ದ ಕೈ ಇದು! ಗಂಡು ಮಗು, ಹುಟ್ಟಿದ ತಕ್ಷಣ ನನ್ನ ಹೊಸಾ ಶಾಲಿನ ಮೇಲೇ ಉಚ್ಚೆ ಹೊಯ್ತು” ಎಂದಳು. ಆಮೇಲೆ ಅತ್ತ ಇತ್ತ ನೋಡಿ ದನಿ ತಗ್ಗಿಸಿದಳು. “ಯಾರಿಗೂ ಹೇಳಬೇಡ ಅಂತ ನಿನ್ನ ಬೀಗಿತ್ತಿ ದೇವಮಾತೆ ಮರಿಯಮ್ಮನ ಮೇಲೆ ಆಣೆ ಹಾಕಿಸಿಕೊಂಡಿದಾಳೆ. ನೀನು ಅಜ್ಜಿಯಲ್ವಾ, ಅದಕ್ಕೇ ಬಾಯಿ ಬಿಟ್ಟೆ. ಹೆಂಗಸರೆಲ್ಲ ಸೇರಿ ಇಲಿಲ್ ಅಂತ ಕೂಗ್ತಾ ಇದ್ವಿ. ಮೂರನೇ ಕೂಗಿಗೇ ಸಾಕು ನಿಲ್ಸಿ ಅಂತ ಬಾಯಿ ಮುಚ್ಚಿಸಿಬಿಟ್ಲು.”

ಏಳು ಕೂಗು ಗಂಡಿಗೆ, ಮೂರು ಕೂಗು ಹೆಣ್ಣಿಗೆ. ಗೋಡೆಯಾಚೆ ಕೂತ ಕುರುಡ ಮುದುಕನಿಗೂ ಮಗು ಯಾವುದೆಂದು ಅದರಿಂದಲೇ ತಿಳಿಯುತ್ತದೆ. ಗಂಡು ಮಗುವಿಗೆ ಮೂರೇ ಕೂಗಿಸಿ ನೀನು ಯಾರ ಕಣ್ಣಿಗೆ ಮಣ್ಣೆರಚಲು ಹೊರಟಿದ್ದೀಯ ಎಂಬುದು ನನಗೆ ಗೊತ್ತಿಲ್ಲವೆಂದು ತಿಳಿಯಬೇಡ. ಸೈನ್ಯಕ್ಕೆ ತಾನೇ? ಹೊಕ್ಕುಳು ಒಣಗುವ ಮೊದಲೇ ಮಗುವನ್ನು ತಲೆತಪ್ಪಿಸಿಕೊಂಡವನನ್ನಾಗಿ ಮಾಡಿದೆಯಲ್ಲ! ನನ್ನ ಮಗಳಿಗೆ ಕಡ್ಡಾಯ ಸೈನ್ಯಸೇವೆಯ ಶಿಬಿರಕ್ಕೆ ಕರೆ ಬಂದಾಗ, ಬಸುರಿಯನ್ನು ಸೈನ್ಯ ಮುಟ್ಟುವುದಿಲ್ಲವೆಂದು ಅವಸರದ ಮದುವೆ ಮಾಡಿಸಿ ಹೊಟ್ಟೆಯ ಹಿಂದೆ ಬಚ್ಚಿಟ್ಟವಳೂ ನೀನೇ. ಈಗ ಮೊಮ್ಮಗನ ಸರದಿ. ನಿನ್ನ ಮನೆಯಲ್ಲಿ ಒಬ್ಬರಾದರೂ ನೆಟ್ಟಗೆ ನಿಂತುಕೊಳ್ಳುವುದು ಬೇಡವೇ?

ಮಗು ಹುಷಾರಾಗಿದೆ ತಾನೇ? ತೂಕ ಎಷ್ಟಿದೆ ಎಂದು ಯಾರೂ ಹೇಳಲಿಲ್ಲ.

ಅಬ್ರೆಹೆತ್


ದೆಕೆಮ್‌ಹರೆ
ಆಗಸ್ಟ್ 3, 2004

ಅಮ್ಮಾ, ಅಕ್ಷರ ನನ್ನದು, ಮಾತು ನನ್ನದಲ್ಲ. ಅತ್ತೆಗೆ ಬರೆಯಲು ಬಾರದು. ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೇನೆ. — ರಿಶಾನ್

ಬೀಗಿತ್ತಿ ಅಬ್ರೆಹೆತ್‌ಗೆ ದೇವರು ಒಳ್ಳೆಯ ಬುದ್ಧಿ ಕೊಡಲಿ.

ತೂಕ ಕೇಳಿದೆಯಲ್ಲ, ಬಂದು ಎತ್ತಿಕೊಂಡು ನೋಡು, ತಿಳಿಯುತ್ತದೆ. ಒಂದು ಗಂಟೆಯ ಬಸ್ಸಿನ ದಾರಿ. ಚೊಚ್ಚಲು ಹೆರಿಗೆ ತವರಿನಲ್ಲಾಗುವುದು ಲೋಕದ ಪದ್ಧತಿ. ನಿನ್ನ ಮಗಳು ತುಂಬಿದ ಹೊಟ್ಟೆ ಹೊತ್ತು ನನ್ನ ಬಾಗಿಲಿಗೆ ಬಂದಳು. ಹಿಟ್ಟಿನ ಬಿಸಿ ಗಾತ್ ಮುದ್ದೆ ತಿರುವಿ, ನಡುವೆ ಗುಳಿ ಮಾಡಿ ತುಪ್ಪ ಖಾರ ಸುರಿದು ಅವಳ ಬಾಯಿಗಿಟ್ಟವಳು ನಾನು. ನೀನು ಲಾರಿಯ ಹೊಟ್ಟೆ ತುಂಬಿಸುತ್ತಿದ್ದೆ.

ಹೌದು, ಬಾಯಿ ಮುಚ್ಚಿಸಿದೆ. ಏನೀಗ? ನನ್ನ ಮನೆಯಿಂದ ಮೂರು ಸಲ ಏಳು ಕೂಗು ಹೊರಟಿತ್ತು, ಮೂರೂ ಸಲ ಇಡೀ ಬೀದಿಗೆ ಕೇಳುವ ಹಾಗೆ. ದೊಡ್ಡವನು ಗಡಿಯ ಯುದ್ಧದಲ್ಲಿ ಹೋದ. ನಡುವಿನವನು ಅದೇ ಯುದ್ಧದಲ್ಲಿ ಹೋದ. ಇಬ್ಬರ ಸಾವಿನ ಕಾಗದವೂ ಒಂದೇ ದಿನ ಬಂತು, ಹಂಚುವವನಿಗೆ ಒಂದು ನಡಿಗೆ ಉಳಿಯಿತು. ಮೂರನೆಯವನು ನಿನ್ನ ಅಳಿಯ ಕಿಫ್ಲೋಮ್. ಒಂದೂವರೆ ವರ್ಷ ಎಂದು ಕರೆದುಕೊಂಡು ಹೋದವರು ಒಂಬತ್ತು ವರ್ಷವಾದರೂ ಬಿಟ್ಟಿಲ್ಲ. ನಾಲ್ಕನೆಯ ಸಲವೂ ಏಳು ಕೂಗು ಕೂಗಿಸಿ, ಇಗೋ ಇನ್ನೊಬ್ಬ ಹುಟ್ಟಿದ್ದಾನೆ, ಬರೆದುಕೊಳ್ಳಿ ಎನ್ನಬೇಕಾಗಿತ್ತೇ? ನಮ್ಮ ಎದುರು ಮನೆಯಲ್ಲಿ ಇರುವವನೇ ಆಡಳಿತ ಕಚೇರಿಯ ಗುಮಾಸ್ತ.

ನೀನು ನಿಮ್ಮ ಕಂದಕದ ಕಥೆ ಶುರುಮಾಡುತ್ತೀಯ, ಗೊತ್ತು. ಹದಿನಾರಕ್ಕೆ ಬೆಟ್ಟ ಹತ್ತಿದೆ, ಬಂದೂಕು ಹಿಡಿದೆ, ಗಂಡನನ್ನು ಅಲ್ಲೇ ಹೂತೆ. ಹಿಡಿದೆಯಮ್ಮ, ಯಾರು ಇಲ್ಲವೆಂದರು? ನೀನಾಗಿ ಹೋದೆ. ಯಾರೂ ನಿನ್ನ ಜುಟ್ಟು ಹಿಡಿದು ಎಳೆದುಕೊಂಡು ಹೋಗಲಿಲ್ಲ. ಅದು ಮುಗಿದು, ಸ್ವಾತಂತ್ರ್ಯ ಬಂದು, ಕುಣಿದೂ ಆಯಿತು. ಇನ್ನೂ ಎಷ್ಟು ಮಕ್ಕಳು ಬೇಕು ನಿನಗೆ?

ಒಂದು ಕೆಲಸ ಮಾಡು. ಗಂಡು ಮಗುವಿಗೆ ನಲವತ್ತನೇ ದಿನ ದೀಕ್ಷಾಸ್ನಾನ. ಕಿಫ್ಲೋಮ್‌ಗೆ ರಜೆ ಕೊಡಿಸು. ಅವನ ತುಕಡಿಯ ದೊಡ್ಡ ಅಧಿಕಾರಿ ಹಡ್ಗು ನಿನ್ನ ಹಳೆಯ ಜೊತೆಗಾರ. ಗುಂಡು ತಿಂದ ಅವನನ್ನು ನೀನು ಬೆನ್ನ ಮೇಲೆ ಹೊತ್ತು ಬೆಟ್ಟ ಇಳಿಸಿದೆಯಂತೆ. ಮದುವೆಯ ದಿನ ನೀನೇ ಮೂರು ಸಲ ಹೇಳಿದೆ. ಆ ಬೆನ್ನಿನ ಬಾಡಿಗೆಯನ್ನು ಈಗ ಕೇಳು. ಮಗನನ್ನು ತಂದೆ ಒಮ್ಮೆ ಎತ್ತಿಕೊಳ್ಳಲಿ. ಅಷ್ಟೂ ಆಗದಿದ್ದರೆ ನಿನ್ನ ಬೆಟ್ಟ ನಿನಗೇ ಇರಲಿ.

ಲೆಮ್‌ಲೆಮ್


ಅಸ್ಮಾರ
ಆಗಸ್ಟ್ 6, 2004

ಲೆಮ್‌ಲೆಮ್,

ಕೇಳುವುದಿಲ್ಲ.

ಕಂದಕದಲ್ಲಿ ನನ್ನ ಪಕ್ಕ ಮಲಗಿದ ಯಾವ ಹುಡುಗನ ತಾಯಿಗೂ ದೊಡ್ಡ ಅಧಿಕಾರಿ ಗೊತ್ತಿರಲಿಲ್ಲ. ರಿಶಾನ್ ಹುಟ್ಟಿದಾಗ ಅವಳ ಅಪ್ಪನಿಗೆ ಯಾರು ರಜೆ ಕೊಟ್ಟರು? ಅವನು ಮಗಳನ್ನು ಎತ್ತಿಕೊಳ್ಳದೆಯೇ ಸತ್ತ. ಗುರುತಿದ್ದವರ ಮಗನಿಗೆ ಒಂದು ನ್ಯಾಯ, ಗುರುತಿಲ್ಲದವರ ಮಗನಿಗೆ ಇನ್ನೊಂದು ಎಂದಾದರೆ ಆ ಬೆಟ್ಟದಲ್ಲಿ ನಾವು ಸತ್ತದ್ದು ಯಾಕೆ? ಹಡ್ಗುವನ್ನು ಹೊತ್ತದ್ದು ಬಾಡಿಗೆಗಲ್ಲ.

ಇನ್ನು ನಿನ್ನ ಜಾಣತನ. ಅಯ್ಯೋ ಪೆದ್ದಿ, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಯಿತು ನಿನ್ನ ಕಥೆ. ಹೆಣ್ಣುಮಕ್ಕಳನ್ನೂ ಸೈನ್ಯಕ್ಕೆ ಕರೆಯುತ್ತಾರೆ! ಈ ಕಾಗದವನ್ನು ನಿನಗೆ ಓದಿ ಹೇಳುತ್ತಿರುವವಳಿಗೇ ಕರೆ ಬಂದಿತ್ತು, ಮರೆತೆಯಾ? ಮೂರು ಕೂಗಿನಿಂದ ಏನು ಗಿಟ್ಟಿತು?

ನಲವತ್ತಕ್ಕೆ ಸರಿಯಾಗಿ ಗಂಡು ಮಗು ಎಂದೇ ದೀಕ್ಷಾಸ್ನಾನವಾಗಲಿ. ನಾನು ಬರುತ್ತೇನೆ. ನಿನ್ನನ್ನು ನೋಡಲು ಅಲ್ಲ.

ಅಬ್ರೆಹೆತ್


ದೆಕೆಮ್‌ಹರೆ
ಆಗಸ್ಟ್ 12, 2004

ಅಮ್ಮಾ,

ಇದು ಅತ್ತೆ ಹೇಳಿ ಬರೆಸಿದ್ದಲ್ಲ. ಅವರು ಗಿರಣಿಗೆ ಹೋಗಿದ್ದಾರೆ.

ನಿನ್ನ ಕಾಗದ ಓದಿ ಹೇಳಿದಾಗ ಅತ್ತೆ, “ಹೆಣ್ಣಿಗೆ ಒಂದು ಬಾಗಿಲಾದ್ರೂ ಇದೆ ಕಣೇ. ಮದುವೆ ಇದೆ, ಬಸಿರಿದೆ. ಗಂಡಿಗೆ ಯಾವ ಬಾಗಿಲಿದೆ, ನಿಮ್ಮಮ್ಮನ್ನ ಕೇಳು” ಎಂದರು. ಅದನ್ನು ಬರೆಯಲು ಹೇಳಲಿಲ್ಲ. ನಾನೇ ಬರೆದೆ.

ನಾನು ಬಚ್ಚಿಟ್ಟುಕೊಳ್ಳಲು ಮದುವೆಯಾದೆ ಎಂದು ಊರೆಲ್ಲ ಹೇಳಿದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ನೀನು ಹೇಳಿದೆ. ಬಾಗಿಲಲ್ಲಿ ನಿಂತು, ಅಕ್ಕಪಕ್ಕದವರಿಗೆ ಕೇಳುವ ಹಾಗೆ ಹೇಳಿದೆ. ಕಿಫ್ಲೋಮ್ ನನಗೆ ಇಷ್ಟ ಎಂಬ ಸಣ್ಣ ವಿಷಯ ನಿನ್ನ ಲೆಕ್ಕಕ್ಕೇ ಬರಲಿಲ್ಲ. ಅದಕ್ಕೇ ಹೆರಿಗೆಗೆ ನಿನ್ನ ಮನೆಗೆ ಬರಲಿಲ್ಲ. ಸಿಟ್ಟು ಇನ್ನೂ ಹಾಗೇ ಇದೆ. ಆದರೂ ಈ ವಿಷಯ ಬೇರೆ ಯಾರಿಗೆ ಬರೆಯಲಿ, ತಿಳಿಯುತ್ತಿಲ್ಲ.

ಕಿಫ್ಲೋಮ್‌ನಿಂದ ಕಾಗದ ಬಂದಿದೆ. ರಜೆ ಮುಗಿಸಿ ಹೋದ ನಮ್ಮೂರ ಹುಡುಗನೊಬ್ಬ ಅವನಿಗೆ ಸುದ್ದಿ ಮುಟ್ಟಿಸಿದ್ದಾನೆ: “ನಿಮ್ಮ ಮನೇಲಿ ಮೂರು ಕೂಗು ಕೇಳಿಸ್ತು ಕಣೋ.” ಕಿಫ್ಲೋಮ್ ಹೆಣ್ಣು ಮಗುವೆಂದೇ ನಂಬಿದ್ದಾನೆ. ಹೆಣ್ಣು ಮಗುವಿಗೆ ಎಂಬತ್ತನೇ ದಿನವಲ್ಲವೇ, ಅದನ್ನು ಎಣಿಸಿ ಅಕ್ಟೋಬರಿಗೆ ರಜೆ ಕೇಳಿದ್ದಾನೆ. ವರ್ಷಕ್ಕೆ ಒಂದೇ ಸಲ ಕೇಳಬಹುದು. ಮಗಳಿಗೆ ಎಂದು ಆಲಿವ್ ಮರದಲ್ಲಿ ಒಂದು ಪುಟ್ಟ ಬಾಚಣಿಗೆ ಕೆತ್ತುತ್ತಿದ್ದಾನಂತೆ.

ಸೆಪ್ಟೆಂಬರ್ ಕೊನೆಗೆ ಅವನ ತುಕಡಿಯನ್ನು ಗಡಿಯ ಕೊನೇ ಠಾಣೆಗೆ ಕಳಿಸುತ್ತಾರೆಂದು ಅವನ ಜೊತೆಯವನ ಹೆಂಡತಿ ಹೇಳಿದಳು. ಅಲ್ಲಿಂದ ಯಾರಿಗೂ ರಜೆಯಿಲ್ಲ. ಅಕ್ಟೋಬರ್ ಎಂಬುದು ಇಲ್ಲ, ಅಮ್ಮಾ. ಬರುವುದಾದರೆ ನಲವತ್ತನೇ ದಿನಕ್ಕೇ ಬರಬೇಕು. ಅವನಿಗೆ ತಿಳಿಸುವುದು ಹೇಗೆ? ತುಕಡಿಗೆ ಹೋಗುವ ಕಾಗದವನ್ನೆಲ್ಲ ಒಡೆದು ಓದುತ್ತಾರೆ. ಗಂಡು ಮಗುವನ್ನು ಹೆಣ್ಣೆಂದು ಸಾರಿದ್ದೇವೆ ಎಂದು ಬರೆದರೆ ಅತ್ತೆಯ ಗತಿ ಏನು?

ನಿನ್ನನ್ನು ಏನೂ ಕೇಳುತ್ತಿಲ್ಲ. ಇರುವ ಸಂಗತಿ ಬರೆದಿದ್ದೇನೆ.

ರಿಶಾನ್


ದೆಕೆಮ್‌ಹರೆ
ಆಗಸ್ಟ್ 20, 2004

ಅಬ್ರೆಹೆತ್,

ರಿಶಾನ್ ಕಾಗದ ಬರೆದು ಎಂಟು ದಿನವಾಯಿತು. ಕದ್ದು ಬರೆದರೆ ನನಗೆ ತಿಳಿಯುವುದಿಲ್ಲವೇ? ಮೊಲೆಯೂಡುವಾಗ ಬಾಗಿಲ ಕಡೆಗೇ ನೋಡುತ್ತಾಳೆ. ಮೆಬ್ರಹ್ತು ನಿನ್ನ ಮನೆಗೆ ಎರಡು ಸಲ ಹೋಗಿದ್ದ, ಬಾಗಿಲಿಗೆ ಬೀಗ. ಗ್ಯಾರೇಜಿನಲ್ಲಿ ಕೇಳಿದರೆ, “ರಜೆ ಹಾಕಿದಾಳಪ್ಪ, ಹುಟ್ಟಿದ ಮೇಲೆ ಮೊದಲನೇ ಸಲ” ಎಂದರಂತೆ. ಎಲ್ಲಿ ಅಡಗಿದ್ದೀಯ? ಗಂಡುಬೀರಿ ಎಂದು ಹೆಸರು ಮಾಡಿದವಳು ಮಗಳ ಒಂದು ಕಾಗದಕ್ಕೆ ಹೆದರಿ ಓಡಿಹೋದೆಯಾ?

ಪಾದ್ರಿಗಳ ಕಾಲು ಹಿಡಿದೆ. ಎಂಬತ್ತಕ್ಕೆ ಮಾಡಿ ಸ್ವಾಮಿ, ಅಷ್ಟರಲ್ಲಿ ಏನಾದರೂ ಆಗಿ ಅಪ್ಪ ಬಂದಾನು ಎಂದೆ. ಅವರು ಮಗುವಿನ ಬಟ್ಟೆ ಎತ್ತಿ ನೋಡಿ ಕೆಂಡವಾದರು. “ಸರ್ಕಾರಕ್ಕೆ ಸುಳ್ಳು ಹೇಳು, ಅದು ನಿನಗೂ ಅವರಿಗೂ ಬಿಟ್ಟಿದ್ದು. ದೇವರ ಮುಂದೇನೂ ಶುರುಮಾಡಿದೆಯಾ? ನಲವತ್ತು ಅಂದ್ರೆ ನಲವತ್ತು” ಎಂದು ಬೈದು ಹೋದರು.

ನಾನು ಮಾಡಿದ್ದು ನನಗೇ ಉರುಳಾಯಿತು. ಬಾಯಿ ಬಿಟ್ಟು ಹೇಳುತ್ತಿದ್ದೇನೆ, ನಿನ್ನ ಹೊಟ್ಟೆ ತಣ್ಣಗಾಗಲಿ. ಆದರೆ ಆ ಹುಡುಗಿಯ ಕಣ್ಣೀರು ನಿನಗೆ ತಟ್ಟದೆ ಬಿಡುವುದಿಲ್ಲ. (ಅಳುತ್ತಿಲ್ಲ ಅಮ್ಮಾ. — ರಿ.)

ಲೆಮ್‌ಲೆಮ್


ಅಸ್ಮಾರ
ಆಗಸ್ಟ್ 25, 2004

ಲೆಮ್‌ಲೆಮ್,

ಓದಿದ ಮೇಲೆ ಒಲೆಗೆ ಹಾಕಿ.

ಹಡ್ಗುವಿನ ತುಕಡಿ ಇರುವಲ್ಲಿಗೆ ಹೋಗಿದ್ದೆ. ಬರೆಂತು ಪಟ್ಟಣ ದಾಟಿ, ಈರುಳ್ಳಿ ಲಾರಿಯ ಮೇಲೆ ಕೂತು, ಮಳೆಗೆ ಕೆಸರಾದ ದಾರಿಯಲ್ಲಿ ಎರಡು ಸಲ ಇಳಿದು ನಾನೇ ಎಂಜಿನ್ ಸರಿಮಾಡಿ. ನಿನ್ನ ಶಾಪಕ್ಕೆ ಹೆದರಿ ಹೋದೆನೆಂದು ತಿಳಿಯಬೇಡ.

ಹಡ್ಗು ನನ್ನನ್ನು ಕಂಡು ಎದ್ದು ಬಂದು ಭುಜಕ್ಕೆ ಭುಜ ತಾಗಿಸಿದ, ಹಿಂದಿನ ಹಾಗೆಯೇ. ಚಹಾ ತರಿಸಿದ. “ಅಬ್ರೆಹೆತ್, ನೀನು ಯಾರ ಹತ್ರಾನೂ ಏನೂ ಕೇಳಿದವಳಲ್ಲ, ಇಷ್ಟು ದೂರ ಬಂದೆ ಅಂದ್ರೆ ಯಾರೋ ಸತ್ತಿರಬೇಕು” ಎಂದ. ಯಾರೂ ಸತ್ತಿಲ್ಲ, ಒಂದು ಮಗು ಹುಟ್ಟಿದೆ ಎಂದೆ. ನಾವು ಕೂತಿದ್ದ ಜಾಗದ ಮುಂದೆ ಹೊಸ ಮನೆಯೊಂದು ಏಳುತ್ತಿತ್ತು. ದೊಡ್ಡ ಮನೆ, ಎರಡು ಅಡಿಗೆಕೋಣೆ. ಹತ್ತು ಹನ್ನೆರಡು ಹುಡುಗರು ಸೈನ್ಯದ ಪ್ಯಾಂಟು ತೊಟ್ಟು, ಹರಿದ ಪ್ಲಾಸ್ಟಿಕ್ ಚಪ್ಪಲಿಯಲ್ಲಿ ಇಟ್ಟಿಗೆ ಹೊರುತ್ತಿದ್ದರು. ಇದು ಯಾರ ಮನೆ ಎಂದು ಕೇಳಿದೆ.

“ನಂದೇ. ನೀರಿನ ಪಂಪ್ ಕೂಡ ಹಾಕಿಸ್ತಾ ಇದೀನಿ, ಟೊಮೇಟೊ ಬೆಳೀಬೇಕು. ಹುಡುಗರು ಸುಮ್ನೆ ಕೂತಿರ್ತಾರೆ, ಕೈಗೊಂದು ಕೆಲಸ ಬೇಡವಾ?”

ಇಟ್ಟಿಗೆ ಹೊರುವವರಲ್ಲಿ ನನ್ನ ಅಳಿಯ ಇದ್ದ. ನನಗೆ ಗುರುತೇ ಸಿಗಲಿಲ್ಲ. ಮದುವೆಯ ಫೋಟೋದಲ್ಲಿ ಇರುವ ಹುಡುಗನ ಅಪ್ಪನ ಹಾಗೆ ಕಂಡ. ನನ್ನನ್ನು ನೋಡಿ ಮೊದಲು ಮಾಡಿದ ಕೆಲಸವೆಂದರೆ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡದ್ದು.

ಲೆಮ್‌ಲೆಮ್, ನಾಡಿಗೆ ದುಡಿಯಬೇಕು ಎಂದು ಈಗಲೂ ಹೇಳುತ್ತೇನೆ. ನಿನ್ನ ಬಾಯಿಗೆ ಸಕ್ಕರೆ ಹಾಕಲು ಇದನ್ನು ಬರೆಯುತ್ತಿಲ್ಲ. ಆದರೆ ಹಡ್ಗುವಿನ ಹೆಂಡತಿಯ ಎರಡನೇ ಅಡಿಗೆಕೋಣೆಗೆ ಇಟ್ಟಿಗೆ ಹೊರುವುದು ಯಾವ ನಾಡಿನ ಸೇವೆ? ಇವನನ್ನು ನಾನು ಹೊತ್ತು ಬೆಟ್ಟ ಇಳಿದೆನಲ್ಲ, ಇಳಿಯುವಾಗ ನನ್ನ ಮೊಣಕಾಲಿಗೆ ಬಾಂಬಿನ ಚೂರು ಹೊಕ್ಕಿತಲ್ಲ! ಆ ಚಹಾ ಲೋಟವನ್ನು ಅವನ ಮುಖಕ್ಕೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಬೇಡಿದೆ. ಕೇಳಿದೆ ಎಂದಲ್ಲ, ಬೇಡಿದೆ ಎಂದೇ ಬರೆಯುತ್ತಿದ್ದೇನೆ, ರಿಶಾನ್ ಓದಲಿ.

ಹಡ್ಗು ತಲೆ ಕೆರೆದುಕೊಂಡ. “ರಜೆಗೆ ಹೋದವರು ಹಿಂದಿರುಗಿ ಬರ್ತಾ ಇಲ್ಲ, ಅಬ್ರೆಹೆತ್. ನೇರ ಸುಡಾನ್ ಗಡಿ. ನನ್ನ ತಲೆ ಹೋಗುತ್ತೆ. ಇವನಿಗೆ ಯಾರು ಜಾಮೀನು?”

“ನಾನು.”

“ಬರದೇ ಇದ್ರೆ?”

“ಅವನ ಬದಲಿಗೆ ನನ್ನ ಹಾಕ್ಕೋ ಒಳಗೆ.”

ಹಡ್ಗು ನಕ್ಕ. ಆದರೂ ಸಹಿ ಹಾಕಿಸಿಕೊಂಡ. ನಲವತ್ತನೇ ದಿನದ ಹಿಂದಿನ ಸಂಜೆ ಕಿಫ್ಲೋಮ್ ಬರುತ್ತಾನೆ, ಅದಾದ ಮೇಲಿನ ಸೋಮವಾರ ಬೆಳಗ್ಗೆ ಹಾಜರಾಗಬೇಕು. ಹೊರಡುವಾಗ ಅವನ ಕಿವಿಯಲ್ಲಿ ಹೇಳಿದೆ: “ಹೆಣ್ಣಲ್ಲವೋ, ಗಂಡು. ನಿಮ್ಮಮ್ಮನ ತಲೆ ಕೆಟ್ಟಿತ್ತು.” ಅವನು ಇಟ್ಟಿಗೆಯ ರಾಶಿಯ ಮೇಲೆ ಕುಸಿದು ಕೂತು, ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯದ ಹಾಗೆ ಅಲುಗಾಡಿದ.

ಕುರಿ ನಾನು ತರುತ್ತೇನೆ. ಅಡಿಗೆಗೆ ನೀನು ಕೈ ಹಾಕಬೇಡ ಎಂದರೆ ಕೇಳುವವಳಲ್ಲ. ಉಪ್ಪು ಕಡಿಮೆ ಹಾಕು.

ಅಬ್ರೆಹೆತ್


ದೆಕೆಮ್‌ಹರೆ
ಸೆಪ್ಟೆಂಬರ್ 3, 2004

ಅಮ್ಮಾ,

ಮೊನ್ನೆ ನೀನು ಬಂದು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಜಗಳವಾಡುವವರಿಲ್ಲದೆ ಅತ್ತೆ ಕೋಳಿಗಳನ್ನು ಬೈಯುತ್ತಿದ್ದಾರೆ. ಚರ್ಚಿನ ಅಂಗಳದಲ್ಲಿ, ಅಷ್ಟು ಜನರೆದುರು, ಕುರಿಯ ಸಾರಿನ ಉಪ್ಪಿಗಾಗಿ ನೀವಿಬ್ಬರೂ ಹಾಗೆ ಕಿತ್ತಾಡಬಾರದಿತ್ತು. ನೀನು ಮಗುವನ್ನು ಎತ್ತಿಕೊಂಡ ರೀತಿ ನೋಡಿ ಕಿಫ್ಲೋಮ್ ಇನ್ನೂ ನಗುತ್ತಾನೆ. “ನಿಮ್ಮಮ್ಮ ಅದನ್ನ ಗೇರ್‌ಬಾಕ್ಸ್ ಥರ ಹಿಡ್ಕೊಂಡಿದ್ರು ಕಣೇ, ಎಲ್ಲಿ ಎಣ್ಣೆ ಸೋರ್ತಾ ಇದೆ ಅಂತ ನೋಡೋ ಹಾಗೆ” ಎನ್ನುತ್ತಾನೆ.

ನಗು ಅಷ್ಟೇ. ಉಳಿದ ಹೊತ್ತು ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡು ಸೂರು ನೋಡುತ್ತಿರುತ್ತಾನೆ. ಸೋಮವಾರ ಹೋದರೆ ಗಡಿಯ ಠಾಣೆ. ಮತ್ತೆ ಬರುವ ಹೊತ್ತಿಗೆ ಈ ಮಗು ಅವನನ್ನು ಯಾರೋ ಎಂದುಕೊಳ್ಳುತ್ತದೆ. ಗಡಿ ದಾಟುವ ದಾರಿ ತಿಳಿದವರು ಒಬ್ಬರು ಇದ್ದಾರೆ. ನಾಳಿದ್ದು ಹೊರಡುತ್ತಾರೆ. ಮೂವರಿಗೂ ಜಾಗವಿದೆ. ಅತ್ತೆಗೆ ಇದೇನೂ ಗೊತ್ತಿಲ್ಲ. ಗೊತ್ತಾದರೆ ಬಾಗಿಲಿಗೆ ಅಡ್ಡ ಮಲಗುತ್ತಾರೆ.

ನಾನು ಹೋಗೋಣ ಎಂದೆ. ಕಿಫ್ಲೋಮ್ ಒಪ್ಪುವುದಿಲ್ಲ. “ನಿಮ್ಮಮ್ಮನ ತಲೇನ ಅಡವಿಟ್ಟು ನಾನು ನಡೀಲಾ? ಅವರು ಸಹಿ ಹಾಕೋದನ್ನ ನಾನು ಕಣ್ಣಾರೆ ನೋಡಿದೀನಿ” ಎನ್ನುತ್ತಾನೆ. ಚೀಲ ಕಟ್ಟುತ್ತೇನೆ, ಅವನು ಬಿಚ್ಚುತ್ತಾನೆ.

ನನಗೆ ನೀನು ಬೇಕಾಗಿಲ್ಲ ಎಂದು ನಿನ್ನ ಬಾಗಿಲಲ್ಲೇ ಕೂಗಿ ಬಂದವಳು ನಾನು. ಅದು ಸುಳ್ಳಾಗಿತ್ತು, ಅಮ್ಮಾ. ಈಗ ಕೇಳುತ್ತಿದ್ದೇನೆ. ಹೋಗಿ ಎನ್ನು, ಇಲ್ಲವೇ ಬೇಡ ಎನ್ನು. ನೀನು ಏನು ಹೇಳಿದರೂ ಅದೇ ಆಗುತ್ತದೆ. ಈ ಸಲ ಸಿಟ್ಟು ಮಾಡಿಕೊಳ್ಳುವುದಿಲ್ಲ.

ರಿಶಾನ್


ಅಸ್ಮಾರ
ಸೆಪ್ಟೆಂಬರ್ 4, 2004

ಕಿಫ್ಲೋಮ್,

ಹೆಂಡತಿಯ ಕೈಯಲ್ಲಿ ಕಾಗದ ಬರೆಸುತ್ತೀಯಲ್ಲ, ಎಂಥ ಗಂಡಸೋ ನೀನು? ನನ್ನ ಮಗಳಿಗೆ ಇನ್ನೊಬ್ಬ ಸಿಗಲಿಲ್ಲವೇ ಎಂದು ಮದುವೆಯ ದಿನವೂ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತದೆ.

ಹಡ್ಗುವಿಗೆ ಕೊಟ್ಟ ಮಾತು ನನ್ನದು. ಅದನ್ನು ನೀನು ಹೊರುವುದು ಬೇಡ, ಹೊರಲು ನಿನಗೆ ಬೇರೆ ಗಂಟು ಇದೆ. ಸಹಿ ಹಾಕುವಾಗ ನನಗೆ ಕಣ್ಣು ಕಾಣುತ್ತಿತ್ತು, ಬುದ್ಧಿಯೂ ನೆಟ್ಟಗಿತ್ತು. ನೀನು ಹಿಂದಿರುಗಿ ಬರುತ್ತೀಯೆಂದು ನಾನು ಯಾವತ್ತು ನಂಬಿದ್ದೆ?

ಹಗಲು ಮಲಗಿ, ಕತ್ತಲಲ್ಲಿ ನಡೆಯಿರಿ. ಹೊಳೆಯ ಮರಳಲ್ಲಿ ಕಾಲಿಡಬೇಡಿ, ಮರಳು ಚಾಡಿಕೋರ. ಮಗು ಅತ್ತರೆ ಬಾಯಿ ಮುಚ್ಚಬೇಡಿ, ಉಸಿರು ಕಟ್ಟುತ್ತದೆ. ನಾನು ಕಂಡಿದ್ದೇನೆ. ಮೊಲೆ ಕೊಡಿ. ಮೆಬ್ರಹ್ತುವಿನ ಕೈಯಲ್ಲಿ ನನ್ನ ಕಂಬಳಿ ಕಳಿಸಿದ್ದೇನೆ, ಮಗುವನ್ನು ಅದರಲ್ಲಿ ಬೆನ್ನಿಗೆ ಕಟ್ಟಿಕೋ. ರಿಶಾನ್ ಬೆನ್ನಿಗಲ್ಲ, ನಿನ್ನ ಬೆನ್ನಿಗೆ.

ಹೋಗಿ. ನನ್ನ ನೆನಪು ಮಾಡಿಕೊಂಡು ಅರ್ಧ ದಾರಿಯಿಂದ ಹಿಂದಿರುಗಿದರೆ ನಾನೇ ಹಿಡಿದು ಕೊಡುತ್ತೇನೆ.

ಅಬ್ರೆಹೆತ್


ದೆಕೆಮ್‌ಹರೆ
ನವೆಂಬರ್ 28, 2004

ಅಬ್ರೆಹೆತ್,

ಕಾಗದ ಇಂಜೆರಾ ರೊಟ್ಟಿಯ ಅಡಿಯಲ್ಲಿದೆ, ನೋಡಿಕೊಂಡು ತಿನ್ನು. ಅಕ್ಷರ ಬಸ್ಸಿನ ಮೆಬ್ರಹ್ತುವಿನದು. ಹಿಂದೆ ಬರೆದುಕೊಡುತ್ತಿದ್ದವಳನ್ನು ನೀನೇ ಕಳಿಸಿಬಿಟ್ಟೆಯಲ್ಲ.

ಎರಡೂವರೆ ತಿಂಗಳಿಂದ ಆ ಸೆರೆಮನೆಗೆ ನಿನಗೆ ಊಟ ಕಳಿಸುತ್ತಿದ್ದೇನೆ, ಒಂದು ಮಾತು ಆಡಿರಲಿಲ್ಲ. ಇವತ್ತು ಆಡುತ್ತೇನೆ. ನಾನು ನಿನ್ನನ್ನು ಕೇಳಿದ್ದು ಏನು? ರಜೆ. ಮಗ ಬರಲಿ, ಮಗುವನ್ನು ಎತ್ತಿಕೊಳ್ಳಲಿ, ನನ್ನ ಕೈಯಡಿಗೆ ಉಂಡು ಹೋಗಲಿ. ಎಲ್ಲಿಗಾದರೂ ಹೋಗಲಿ, ಈ ನೆಲದ ಮೇಲೆ ಇರಲಿ. ಭಾನುವಾರ ಪೂಜೆ ಮುಗಿಸಿ ಬರುವಷ್ಟರಲ್ಲಿ ತೊಟ್ಟಿಲು ಖಾಲಿ. ಒಲೆಯ ಮೇಲೆ ಹಾಲು ಇನ್ನೂ ಬೆಚ್ಚಗಿತ್ತು. ಇಬ್ಬರನ್ನು ಸೈನ್ಯ ತಿಂದಿತು, ಮೂರನೆಯವನನ್ನು ನೀನು ಮರುಭೂಮಿಗೆ ಅಟ್ಟಿದೆ. ಮೊಮ್ಮಗನನ್ನೂ ಸೇರಿಸಿ! ನಿನ್ನ ಕೈ ಸೇದಿಹೋಗಲಿ ಎಂದು ಶಪಿಸಿದ್ದೇನೆ. ಪಾದ್ರಿಗಳ ಮುಂದೆಯೇ ಶಪಿಸಿದ್ದೇನೆ.

ಮೊನ್ನೆ ಕಾಫಿ ಅಂಗಡಿಗೆ ಫೋನ್ ಬಂತು. ಹುಡುಗಿಯೊಬ್ಬಳು ಓಡಿ ಬಂದು ಕರೆದಳು, ಬರಿಗಾಲಲ್ಲೇ ಓಡಿದೆ. ರಿಶಾನ್. ಮೂವರೂ ದಾಟಿದ್ದಾರೆ. ಯಾವ ಊರು ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಿಫ್ಲೋಮ್‌ಗೆ ಬೇಕರಿಯಲ್ಲಿ ಕೆಲಸ ಸಿಕ್ಕಿದೆಯಂತೆ. “ಅಮ್ಮ ಎಲ್ಲಿ?” ಎಂದಳು. ಗ್ಯಾರೇಜಿನಲ್ಲಿದ್ದಾಳೆ, ಚೆನ್ನಾಗಿದ್ದಾಳೆ ಎಂದು ಸುಳ್ಳು ಹೇಳಿದೆ. ನಂಬಲಿಲ್ಲ. ಆಗ ಮಗು ಅತ್ತಿತು. ಎಲ್ಲರೂ ನೋಡುತ್ತಿದ್ದರು, ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಅದು ಕಡಿದುಹೋಗುವವರೆಗೂ ಕೇಳಿದೆ.

ನಿನ್ನನ್ನು ಇಟ್ಟಿರುವ ಕಡೆಯ ಅಧಿಕಾರಿಯ ಬಳಿಗೆ ನಿನ್ನೆ ಹೋಗಿದ್ದೆ. “ಆ ಮುದುಕಿ ಕಾಲು ಬಾತು ಕುಂಬಳಕಾಯಿ ಆಗಿದೆ, ಇಲ್ಲೇ ಏನಾದ್ರೂ ಆದ್ರೆ ನಮಗೆ ತಲೆನೋವು. ಯಾರಾದ್ರೂ ಜಾಮೀನು ನಿಂತರೆ ಬಿಟ್ಟುಬಿಡ್ತೀವಿ. ಆದ್ರೆ ಜಾಮೀನು ನಿಂತವರ ಮನೇಲೇ ಇರಬೇಕು, ಊರು ಬಿಡೋ ಹಾಗಿಲ್ಲ” ಎಂದ. ನಿನಗೆ ಯಾರಿದ್ದಾರೆ? ಹೆಬ್ಬೆಟ್ಟು ಒತ್ತಿ ಬಂದೆ.

ಪ್ರೀತಿಯಿಂದ ಒತ್ತಿದೆನೆಂದು ತಿಳಿಯಬೇಡ. ನಿನ್ನ ಮುಖ ನೋಡಿ ನೋಡಿ ಬೈಯಬೇಕು ನನಗೆ. ಈ ಮೆಬ್ರಹ್ತುವಿನ ಕೈಯಲ್ಲಿ ಬರೆಸಿದರೆ ಅರ್ಧ ಬೈಗುಳ ಅವನೇ ನುಂಗಿಬಿಡುತ್ತಾನೆ. (ನುಂಗಿದ್ದು ನಿಜ, ಅಬ್ರೆಹೆತಕ್ಕಾ. — ಮೆ.) ಗುರುವಾರ ಬಸ್ಸು ತರುತ್ತಾನೆ, ಬಾ. ಓಡಿಹೋಗುವ ಯೋಚನೆ ಮಾಡಬೇಡ. ನೀನು ಓಡಿದರೆ ಒಳಗೆ ಹೋಗುವವಳು ನಾನು.

ಲೆಮ್‌ಲೆಮ್


ಡಿಸೆಂಬರ್ 1, 2004

ಲೆಮ್‌ಲೆಮ್,

ಖಾಲಿ ಡಬ್ಬಿಯಲ್ಲಿ ಇದನ್ನು ಇಟ್ಟಿದ್ದೇನೆ. ನಿನ್ನ ಕಾಗದ ಅರ್ಧ ಎಣ್ಣೆ ಕುಡಿದಿತ್ತು, ಆದರೂ ಓದಲು ಬಂತು.

ಹೆಬ್ಬೆಟ್ಟು ಒತ್ತಲು ನಿನಗೆ ಯಾರು ಹೇಳಿದರು? ಅವನ ಬದಲು ನಾನು ಎಂದು ಹೇಳಿದ್ದೆ, ಇನ್ನೂ ಇರುತ್ತಿದ್ದೆ. ನಿನ್ನ ಮನೆಯಲ್ಲೇ ಇರಬೇಕೆಂಬ ಷರತ್ತು ಕೇಳಿ, ಇಲ್ಲೇ ಇರುತ್ತೇನಪ್ಪ ಎಂದೆ. ಕಾವಲಿನವನು ತಮಾಷೆ ಎಂದುಕೊಂಡು ನಕ್ಕ.

ಗುರುವಾರ ಬರುತ್ತೇನೆ. ನಿನ್ನ ಕೋಳಿಗಳು ನನ್ನ ಹಾಸಿಗೆ ಹತ್ತಬಾರದು. ಅಡಿಗೆ ನಾನೇ ಮಾಡಿಕೊಳ್ಳುತ್ತೇನೆ. ಬೈಯುವುದಿದ್ದರೆ ಬೆಳಿಗ್ಗೆ ಬೈದು ಮುಗಿಸು, ಮಧ್ಯಾಹ್ನ ನನಗೆ ಕಾಲು ನೋಯುತ್ತದೆ.

ಮಗು ಫೋನಿನಲ್ಲಿ ಅತ್ತಿತು ಎಂದು ಬರೆಸಿದ್ದೀಯ. ಹೇಗೆ ಅತ್ತಿತು ಎಂದು ಬರೆಸಲಿಲ್ಲ. ಹಸಿವಿಗೋ, ಸಿಟ್ಟಿಗೋ? ದನಿ ಗಟ್ಟಿಯಾಗಿತ್ತೇ? ನಡುವೆ ಉಸಿರು ಎಳೆದುಕೊಂಡಿತೇ? ನಾನು ಬಂದ ಮೇಲೆ, ಬಾಗಿಲು ಹಾಕಿಕೊಂಡು, ಒಂದು ಸಲ ಹಾಗೆಯೇ ಅತ್ತು ತೋರಿಸು.

ಅಬ್ರೆಹೆತ್